ಮೇಷ್ಟರ ಮನೆಯಿಂದ ಹೊರಟ ಆಕಾಶವಾಣಿ

ಸರ್ಕಾರಿ ಬಾನುಲಿಯನ್ನು ಇನ್ನು ಮುಂದೆ ಆಲ್ ಇಂಡಿಯಾ ರೇಡಿಯೊ ಎನ್ನದೆ ಆಕಾಶವಾಣಿ ಎಂದೇ ಕರೆಯಬೇಕೆಂದು ಪ್ರಸಾರ ಭಾರತಿ 2023ರ ಮೇ ತಿಂಗಳಲ್ಲಿ ಸೂಚಿಸಿದಾಗ ದೇಶದ ಕೆಲವೆಡೆ ಅಪಸ್ವರ ಕೇಳಿಬಂದಿತು. ರೇಡಿಯೊ ಕೇಳುತ್ತಲೇ ಬೆಳೆದ ನನ್ನ ತಲೆಮಾರಿನ ಕನ್ನಡಿಗರಿಗೆ ಅದರಲ್ಲಿ ಹೊಸದೇನೂ ಕಾಣಲಿಲ್ಲ. ಆ ಪದ ನಮ್ಮ ನಾಲಗೆಯ ಮೇಲೆ ಮೊದಲಿನಿಂದಲೂ ಇತ್ತು. ಆದರೆ ದೆಹಲಿಯ ಯಾವ ಕಚೇರಿಯೂ ಅದನ್ನು ಯೋಚಿಸುವ ಮೊದಲೇ ಮೈಸೂರಿನ ಕಾಲೇಜು ಅಧ್ಯಾಪಕರೊಬ್ಬರು ತಮ್ಮ ಮನೆಯಿಂದ ನಡೆಸುತ್ತಿದ್ದ ಬಾನುಲಿ ಕೇಂದ್ರಕ್ಕೆ ಆ ಹೆಸರಿತ್ತು ಎಂಬುದನ್ನು ಎಷ್ಟು ಮಂದಿ ನೆನೆದರೋ ಕಾಣೆ. ಹೆಸರು ಉಳಿಯಿತು, ಆ ಹೆಸರಿನ ಹಿಂದಿದ್ದ ಆಶಯ ಏನಾಯಿತು ಎಂಬುದು ನನ್ನನ್ನು ಕಾಡುವ ಪ್ರಶ್ನೆ.

ಆ ಅಧ್ಯಾಪಕರು ಡಾ. ಎಂ.ವಿ. ಗೋಪಾಲಸ್ವಾಮಿ. ಅವರು ವಿಜ್ಞಾನ ತಂತ್ರಜ್ಞರಲ್ಲ, ಪತ್ರಕರ್ತರೂ ಅಲ್ಲ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಕಲಿತು ಬಂದವರು. ಬುದ್ಧಿಶಕ್ತಿಯನ್ನು ಅಳೆಯಲು ಗಣಿತದ ಸಾಧನಗಳನ್ನು ಒದಗಿಸಿದ ವಿದ್ವಾಂಸರೆಂದು ಸ್ಪಿಯರ್‌ಮನ್ ಪ್ರಸಿದ್ಧರು. ಮೈಸೂರು ವಿಶ್ವವಿದ್ಯಾನಿಲಯದಲ್ಲಿ 1924ರಲ್ಲಿ ಮನಶ್ಶಾಸ್ತ್ರ ವಿಭಾಗ ಆರಂಭವಾದದ್ದು ಗೋಪಾಲಸ್ವಾಮಿಯವರಿಂದ. ಕಲ್ಕತ್ತೆಯನ್ನು ಬಿಟ್ಟರೆ ಆ ಶಾಸ್ತ್ರಕ್ಕೆ ನಮ್ಮ ದೇಶದಲ್ಲಿ ಇನ್ನೂ ಗಟ್ಟಿಯಾದ ನೆಲೆಯೇ ಇರದಿದ್ದ ಕಾಲವದು. ಮನಸ್ಸಿನ ಕುರಿತ ವಿಚಾರ ತತ್ತ್ವಶಾಸ್ತ್ರದ ಒಂದು ಮೂಲೆಯಲ್ಲಿ ಕುಳಿತಿದ್ದಾಗ ಅದನ್ನು ಪ್ರಯೋಗಶಾಲೆಗೆ ತಂದ ಕೆಲವೇ ಭಾರತೀಯರಲ್ಲಿ ಅವರೂ ಒಬ್ಬರು. ಮುಂದೆ ಅವರು ಅದೇ ಕಾಲೇಜಿನ ಪ್ರಾಂಶುಪಾಲರೂ ಆದರು. ಇಷ್ಟನ್ನೇ ಮಾಡಿದ್ದರೂ ಅವರ ಹೆಸರು ಶಿಕ್ಷಣದ ಇತಿಹಾಸದಲ್ಲಿ ಉಳಿಯುತ್ತಿತ್ತು.

ಅವರ ಸಾಹಸದ ಬೆಲೆ ತಿಳಿಯಲು ಅಂದಿನ ಬಾನುಲಿಯ ಸ್ಥಿತಿಯನ್ನು ನೆನೆಯಬೇಕು. ಬ್ರಿಟಿಷ್ ಭಾರತದಲ್ಲಿ 1927ರಲ್ಲಿ ಮುಂಬಯಿ ಮತ್ತು ಕಲ್ಕತ್ತೆಗಳಲ್ಲಿ ಪ್ರಸಾರ ಆರಂಭಿಸಿದ ಖಾಸಗಿ ಸಂಸ್ಥೆ ಮೂರು ವರ್ಷ ತುಂಬುವ ಮೊದಲೇ ದಿವಾಳಿಯೆದ್ದಿತ್ತು. ಸರ್ಕಾರ ಅದನ್ನು ಒಲ್ಲದ ಮನಸ್ಸಿನಿಂದಲೇ ವಹಿಸಿಕೊಂಡಿತ್ತು. ದೆಹಲಿಯ ಕೇಂದ್ರ ಮಾತನಾಡಲು ಆರಂಭಿಸಿದ್ದು 1936ರ ಜನವರಿಯಲ್ಲಿ. ಆಲ್ ಇಂಡಿಯಾ ರೇಡಿಯೊ ಎಂಬ ಹೆಸರು ಬಂದದ್ದು ಅದೇ ವರ್ಷದ ಜೂನ್‌ನಲ್ಲಿ. ಇತ್ತ ಮೈಸೂರು ಸಂಸ್ಥಾನದ ಹವೆಯೇ ಬೇರೆ. ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುತ್ತು ಹುಟ್ಟಿತ್ತು. 1916ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಯಾಗಿತ್ತು. ಅರಮನೆಯ ಆಶ್ರಯದಲ್ಲಿ ಸಂಗೀತ ವಿದ್ವಾಂಸರೂ ಕಾಲೇಜಿನ ಆಶ್ರಯದಲ್ಲಿ ಹೊಸ ಸಾಹಿತ್ಯದ ಲೇಖಕರೂ ಒಂದೇ ಊರಿನಲ್ಲಿ ನೆಲೆಸಿದ್ದರು. ಬಾನುಲಿಗೆ ಬೇಕಾದ ಸಾಮಗ್ರಿಯೆಲ್ಲವೂ ಅಲ್ಲಿತ್ತು. ಅದನ್ನು ಒಂದೆಡೆ ಸೇರಿಸುವ ಮನುಷ್ಯನೊಬ್ಬ ಬೇಕಾಗಿದ್ದ.

1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರ ಮನೆಯಾದ ವಿಠ್ಠಲ ವಿಹಾರದಿಂದ ಮೊದಲ ಪ್ರಸಾರ ಹೊರಟಿತು. ಇದ್ದದ್ದು 30 ವಾಟ್ ಸಾಮರ್ಥ್ಯದ ಪುಟ್ಟ ಪ್ರೇಷಕ. ನಮ್ಮ ಮನೆಗಳಲ್ಲಿ ಉರಿಯುತ್ತಿದ್ದ ಸಾಮಾನ್ಯ ಬಲ್ಬಿನ ಅರ್ಧದಷ್ಟು ಶಕ್ತಿ. ಆ ದಿನ ಕವಿತೆ ಓದಿದವರು ಅದೇ ಕಾಲೇಜಿನ ಕನ್ನಡ ಅಧ್ಯಾಪಕರಾಗಿದ್ದ ಕುವೆಂಪು. ಅಧಿಕಾರಿಯ ಭಾಷಣಕ್ಕಿಂತ ಮೊದಲು ಕವಿಯ ದನಿ ಕೇಳಿಸಿದ ಬಾನುಲಿ ಕೇಂದ್ರಗಳು ಎಷ್ಟಿರಬಹುದೆಂದು ನಾನು ಹಲವು ಸಲ ಯೋಚಿಸಿದ್ದೇನೆ. ಇದನ್ನು ಕೇವಲ ಆಕಸ್ಮಿಕವೆನ್ನಲು ನನಗೆ ಮನಸ್ಸಿಲ್ಲ. ಒಂದು ಊರು ತನ್ನ ಶ್ರೇಷ್ಠವಾದುದನ್ನು ತನಗೇ ಕೇಳಿಸಿಕೊಳ್ಳಬೇಕು ಎಂಬ ನಂಬಿಕೆ ಆ ಆಯ್ಕೆಯಲ್ಲಿ ಕಾಣುತ್ತದೆ.

ಕೇಂದ್ರಕ್ಕೆ ಆಕಾಶವಾಣಿ ಎಂಬ ಹೆಸರು ಬಂದ ಬಗೆಯಲ್ಲಿ ಎರಡು ಮಾತುಗಳಿವೆ. ಗೋಪಾಲಸ್ವಾಮಿಯವರೇ ಇಟ್ಟರೆಂದು ಕೆಲವರು ಹೇಳಿದರೆ, ಅವರ ಒಡನಾಡಿಯೂ ಮುಂದೆ ಕೊರವಂಜಿ ಬಳಗದ ಹಾಸ್ಯಲೇಖಕರಾಗಿ ಮನೆಮಾತಾದವರೂ ಆದ ನಾ. ಕಸ್ತೂರಿಯವರು ಸೂಚಿಸಿದರೆಂದು ಇನ್ನು ಕೆಲವರು ಹೇಳುತ್ತಾರೆ. ಯಾರೇ ಇಟ್ಟಿರಲಿ, ಪುರಾಣದ ಕಥೆ ಕೇಳಿ ಬೆಳೆದ ಜನಕ್ಕೆ ಯಂತ್ರವೊಂದನ್ನು ಪರಿಚಯಿಸಲು ಇದಕ್ಕಿಂತ ತಕ್ಕ ಪದ ಸಿಗಲಾರದು. ಕಂಸನಿಗೆ ಕೇಳಿಸಿದ ಅಶರೀರವಾಣಿಯ ಕಥೆ ಗೊತ್ತಿದ್ದವರಿಗೆ ಮುಖ ಕಾಣದ ದನಿ ಎಂದರೇನೆಂದು ವಿವರಿಸಬೇಕಾಗಿರಲಿಲ್ಲ.

ಮನಶ್ಶಾಸ್ತ್ರಜ್ಞರಿಗೆ ಬಾನುಲಿಯ ಗೀಳು ಹಿಡಿದದ್ದೇಕೆ ಎಂದು ಕೇಳುವವರಿದ್ದಾರೆ. ಹಾರ್ವರ್ಡ್ ವಿಶ್ವವಿದ್ಯಾನಿಲಯದ ನಂಟಿದ್ದ ಕ್ಯಾಂಟ್ರಿಲ್ ಮತ್ತು ಆಲ್‌ಪೋರ್ಟ್ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು ರೇಡಿಯೊದ ಮನಶ್ಶಾಸ್ತ್ರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ್ದೂ ಅದೇ 1935ರಲ್ಲಿ. ಕಾಣದ ವ್ಯಕ್ತಿಯ ದನಿ ಕೇಳುಗನ ಮನಸ್ಸಿನಲ್ಲಿ ಏನು ಮಾಡುತ್ತದೆ ಎಂಬ ಕುತೂಹಲ ಆ ಕಾಲದ ಶಾಸ್ತ್ರದ ಗಾಳಿಯಲ್ಲೇ ಇತ್ತು. ಅಮೆರಿಕದ ವಿದ್ವಾಂಸರು ಪುಸ್ತಕ ಬರೆದ ವರ್ಷವೇ ಮೈಸೂರಿನ ಮೇಷ್ಟರು ಪ್ರೇಷಕವನ್ನೇ ಮನೆಯಲ್ಲಿ ಕೂಡಿಸಿದ್ದರು.

ಸಂಗೀತ, ಕಾವ್ಯ, ವಿದ್ವಾಂಸರ ಉಪನ್ಯಾಸ ಇವು ಆ ಕೇಂದ್ರದ ಜೀವಾಳವಾಗಿದ್ದವು. ಇಂದಿನಂತೆ ಮೊದಲೇ ಮುದ್ರಿಸಿಕೊಂಡು, ತಪ್ಪು ತಿದ್ದಿ, ಬೇಕಾದಾಗ ಬಿತ್ತರಿಸುವ ಅನುಕೂಲ ಆಗಿರಲಿಲ್ಲ. ಹಾಡುವವರು ಆ ಹೊತ್ತಿಗೇ ಬಂದು ಹಾಡಬೇಕು. ಉಪನ್ಯಾಸಕರು ಗಡಿಯಾರ ನೋಡಿಕೊಂಡು ಮಾತು ಮುಗಿಸಬೇಕು. ಕಾರ್ಯಕ್ರಮ ರೂಪಿಸುವುದೆಂದರೆ ಊರಿನ ಕಲಾವಿದರ, ಅಧ್ಯಾಪಕರ ಮನೆಬಾಗಿಲು ತಟ್ಟುವುದೇ ಆಗಿತ್ತು. ಹಗಲು ತರಗತಿ, ಸಂಜೆ ಪ್ರಸಾರ ಎಂಬಂತೆ ಬದುಕುವುದು ಹುಡುಗಾಟದ ಮಾತಲ್ಲ.

ಖರ್ಚಿನ ಹೊರೆಯನ್ನು ಮೊದಲಿಗೆ ಹೊತ್ತವರೂ ಗೋಪಾಲಸ್ವಾಮಿಯವರೇ. ಬಳಿಕ ವಿದೇಶದಿಂದ 250 ವಾಟ್‌ನ ದೊಡ್ಡ ಪ್ರೇಷಕ ಬಂದಿತು. ಸಾರ್ವಜನಿಕರು ಮತ್ತು ಮೈಸೂರು ಪುರಸಭೆ ನೆರವಿಗೆ ನಿಂತರು. ಆದರೂ ಒಬ್ಬ ಮನುಷ್ಯನ ಹುಮ್ಮಸ್ಸು ಸಂಸ್ಥೆಯೊಂದರ ನಿತ್ಯದ ಖರ್ಚನ್ನು ಎಷ್ಟು ಕಾಲ ತೂಗೀತು? 1942ರ ಜನವರಿಯಲ್ಲಿ ಸಂಸ್ಥಾನದ ಸರ್ಕಾರ ಕೇಂದ್ರವನ್ನು ವಹಿಸಿಕೊಂಡಿತು. 1950ರಲ್ಲಿ ಅದು ಆಲ್ ಇಂಡಿಯಾ ರೇಡಿಯೊದಲ್ಲಿ ಸೇರಿತು. 1955ರಲ್ಲಿ ಬೆಂಗಳೂರಿಗೆ ವರ್ಗವಾಯಿತು. ಎರಡು ವರ್ಷಗಳ ಬಳಿಕ, 1957ರಲ್ಲಿ, ಇಡೀ ದೇಶದ ಬಾನುಲಿ ಆಕಾಶವಾಣಿ ಎಂಬ ಹೆಸರನ್ನು ಅಧಿಕೃತವಾಗಿ ತಳೆಯಿತು. ಆ ಹೆಸರು ದೇಶಕ್ಕೆಲ್ಲ ಸಲ್ಲುವ ಹೊತ್ತಿಗೆ ಅದು ಹುಟ್ಟಿದ ಊರಿನಲ್ಲಿ ಕೇಂದ್ರವೇ ಇರಲಿಲ್ಲ. ಮೈಸೂರಿನಲ್ಲಿ ಮತ್ತೆ ಪ್ರಸಾರ ಆರಂಭವಾದದ್ದು 1974ರಲ್ಲಿ, ವಿಠ್ಠಲ ವಿಹಾರದಿಂದ ಕೂಗಳತೆಯ ದೂರದ ಯಾದವಗಿರಿಯಲ್ಲಿ.

ಸರ್ಕಾರ ವಹಿಸಿಕೊಂಡದ್ದು ತಪ್ಪೆಂದು ನಾನು ಹೇಳಲಾರೆ. ಹಾಗೆ ಮಾಡದಿದ್ದಲ್ಲಿ ಕೇಂದ್ರ ಮೇಷ್ಟರ ಉಳಿತಾಯದೊಂದಿಗೇ ಮುಗಿದುಹೋಗುತ್ತಿತ್ತು. ರೈತರಿಗೆ ಕೃಷಿ ವಿಚಾರ, ಮನೆಮನೆಗೆ ಶಾಸ್ತ್ರೀಯ ಸಂಗೀತ, ಹಳ್ಳಿಗೆ ಕನ್ನಡ ವಾರ್ತೆ ತಲುಪಿಸಿದ್ದು ಸರ್ಕಾರದ ಆಕಾಶವಾಣಿಯೇ. ನನ್ನ ಆಕ್ಷೇಪ ಬೇರೆ. ವಹಿಸಿಕೊಂಡ ಮೇಲೆ ಬಾಗಿಲನ್ನು ಒಳಗಿನಿಂದ ಅಗುಳಿ ಹಾಕಿಬಿಟ್ಟರು. ಇನ್ನೊಬ್ಬ ಅಧ್ಯಾಪಕ, ಇನ್ನೊಂದು ಕಾಲೇಜು ಅದೇ ಕೆಲಸ ಮಾಡಲು ಸ್ವತಂತ್ರ ಭಾರತದಲ್ಲಿ ಅರ್ಧ ಶತಮಾನ ಅವಕಾಶವಿರಲಿಲ್ಲ.

ಬೇರೆ ದಾರಿ ಇರಲಿಲ್ಲವೇ? ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾನಿಲಯದಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕ ಅರ್ಲ್ ಟೆರಿ ಮತ್ತು ಅವರ ವಿದ್ಯಾರ್ಥಿಗಳು ತಾವೇ ವಾಲ್ವುಗಳನ್ನು ತಯಾರಿಸಿ ಕೇಂದ್ರವೊಂದನ್ನು ಕಟ್ಟಿದ್ದರು. ರೈತರಿಗೆ ಹವಾಮಾನದ ಮುನ್ಸೂಚನೆ, ಮಕ್ಕಳಿಗೆ ಸಂಗೀತದ ಪಾಠ ಅಲ್ಲಿಂದ ಹೊರಟವು. ಟೆರಿ 1929ರಲ್ಲಿ ತೀರಿಕೊಂಡರೂ ಕೇಂದ್ರ ವಿಶ್ವವಿದ್ಯಾನಿಲಯದ ಬಳಿಯೇ ಉಳಿದು ಬೆಳೆಯಿತು. ಅಲ್ಲಿ ಮೇಷ್ಟರ ಬಳಿಕ ಅವರ ಸಂಸ್ಥೆ ಹೊಣೆ ಹೊತ್ತಿತು. ಇಲ್ಲಿ ಆ ಹೊಣೆ ನೇರವಾಗಿ ಸರ್ಕಾರಕ್ಕೆ ಹೋಯಿತು.

ನಮ್ಮಲ್ಲಿ ಅಗುಳಿ ಸಡಿಲಗೊಂಡದ್ದು ತಡವಾಗಿ. ತರಂಗಗಳು ಸಾರ್ವಜನಿಕ ಆಸ್ತಿಯೆಂದು ಸುಪ್ರೀಂ ಕೋರ್ಟ್ 1995ರಲ್ಲಿ ತೀರ್ಪಿತ್ತಿತು. ಶಿಕ್ಷಣ ಸಂಸ್ಥೆಗಳು ಬಾನುಲಿ ನಡೆಸಬಹುದೆಂದು ಕೇಂದ್ರ ಸರ್ಕಾರ ಒಪ್ಪಿದ್ದು 2002ರ ಕೊನೆಗೆ. ಚೆನ್ನೈನ ಅಣ್ಣಾ ವಿಶ್ವವಿದ್ಯಾನಿಲಯದ ಕೇಂದ್ರ 2004ರ ಫೆಬ್ರುವರಿಯಲ್ಲಿ ಆರಂಭವಾಗಿ ದೇಶದ ಮೊದಲ ಕ್ಯಾಂಪಸ್ ಬಾನುಲಿ ಎನಿಸಿಕೊಂಡಿತು. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದ ಸಮುದಾಯ ಬಾನುಲಿ ಬಂದದ್ದು 2007ರಲ್ಲಿ. ಇಂತಹ ಕೇಂದ್ರಗಳಿಗೆ ಸಾಮಾನ್ಯವಾಗಿ ದೊರೆಯುವ ಮಿತಿ 100 ವಾಟ್. ಅಂದಿನ ಪ್ರಸಾರ ತಂತ್ರಕ್ಕೂ ಇಂದಿನ ಎಫ್‌ಎಂಗೂ ನೇರ ಹೋಲಿಕೆ ಸಲ್ಲದಾದರೂ, ಗೋಪಾಲಸ್ವಾಮಿಯವರ ಎರಡನೆಯ ಪ್ರೇಷಕದ ಅಂಕಿ ಅದಕ್ಕಿಂತ ದೊಡ್ಡದು. ತಮ್ಮದೇ ವಾರ್ತೆಯನ್ನು ಸಿದ್ಧಪಡಿಸಿ ಬಿತ್ತರಿಸುವಂತಿಲ್ಲ. ಆಕಾಶವಾಣಿಯ ವಾರ್ತೆಯನ್ನು ಇದ್ದಂತೆಯೇ ಮರುಪ್ರಸಾರ ಮಾಡಬಹುದು. ಊರಿನ ಕಾಲೇಜಿಗೆ ಊರಿನ ಸುದ್ದಿ ಹೇಳುವ ಅಧಿಕಾರವಿಲ್ಲ.

ಅನುಮತಿ ದೊರೆತ ಮೇಲೂ ನಮ್ಮ ಕಾಲೇಜುಗಳು ಎಷ್ಟರಮಟ್ಟಿಗೆ ಮುಂದೆ ಬಂದಿವೆ ಎಂಬ ಪ್ರಶ್ನೆಯನ್ನು ಸರ್ಕಾರದ ಮೇಲೆ ಹೊರಿಸಿ ಕೈತೊಳೆದುಕೊಳ್ಳಲಾಗದು. ಗೋಪಾಲಸ್ವಾಮಿಯವರು ಪಾಠದ ಹೊರಗಿನ ಈ ಕೆಲಸವನ್ನು ಬಡ್ತಿಗಾಗಿ ಮಾಡಲಿಲ್ಲ. ಯಾವ ಅಂಕಪಟ್ಟಿಯಲ್ಲೂ ಅದಕ್ಕೆ ಕಲಮು ಇರಲಿಲ್ಲ. ತರಗತಿಯಲ್ಲಿ ಹೇಳುವುದು ತರಗತಿಯ ಗೋಡೆ ದಾಟಬೇಕು ಎಂದು ಅವರಿಗೆ ಅನ್ನಿಸಿತ್ತು, ಅಷ್ಟೆ. ಅವರ ಕೇಂದ್ರದ ಹೆಸರನ್ನು ಇಡೀ ದೇಶಕ್ಕೆ ಕಡ್ಡಾಯಗೊಳಿಸಿದ ಸರ್ಕಾರ, ಆ ಕೇಂದ್ರದ ಸ್ವಾತಂತ್ರ್ಯದ ಒಂದಂಶವನ್ನಾದರೂ ಇಂದಿನ ಕಾಲೇಜುಗಳಿಗೆ ಕೊಟ್ಟಲ್ಲಿ ಋಣ ಸ್ವಲ್ಪ ತೀರೀತು. ಕೊಟ್ಟದ್ದನ್ನು ಬಳಸಿಕೊಳ್ಳಬಲ್ಲ ಮೇಷ್ಟರುಗಳನ್ನು ಉಳಿಸಿಕೊಳ್ಳುವುದು ವಿಶ್ವವಿದ್ಯಾನಿಲಯಗಳ ಹೊಣೆ.