ಹಿಮಗಿರಿಯ ಚಿತ್ರಸಾಧಕ ನಿಕೋಲಸ್ ರೋರಿಕ್

ಕಣ್ಣಿಗೆ ಕಾಣುವ ರೂಪವನ್ನು ಪಟದ ಮೇಲೆ ಇಳಿಸುವುದು ಕೈಚಳಕದ ಮಾತು. ಕಂಡ ರೂಪದ ಮೂಲಕವೇ ಕಾಣದುದನ್ನು ತೋರಿಸುವುದು ಸಾಧನೆಯ ಮಾತು. ಬೆಟ್ಟ, ಮುಗಿಲು, ನಕ್ಷತ್ರಗಳನ್ನು ಜೀವಮಾನವೆಲ್ಲ ಚಿತ್ರಿಸಿ, ಅವುಗಳ ಹಿಂದಿರುವ ಮಹತ್ತಿಗೆ ತಲೆಬಾಗಿದ ನಿಕೋಲಸ್ ರೋರಿಕರು ಈ ಎರಡನೆಯ ಬಗೆಯ ಕಲಾವಿದರು.

ರೋರಿಕರು ಜನಿಸಿದುದು 1874ನೆಯ ಇಸವಿ ಅಕ್ಟೋಬರ್ 9ರಂದು, ರಷ್ಯಾ ದೇಶದ ಸೇಂಟ್ ಪೀಟರ್ಸ್‌ಬರ್ಗ್ ನಗರದಲ್ಲಿ. ಇಜ್ವಾರಾ ಎಂಬ ಹಳ್ಳಿಯಲ್ಲಿದ್ದ ಅವರ ಮನೆಯಲ್ಲಿ ಒಂದು ಹಿಮಪರ್ವತದ ಚಿತ್ರವಿದ್ದಿತು. ಬಾಲಕನು ಅದನ್ನು ನೋಡುತ್ತ ಬೆಳೆದನು. ಅದು ಕಾಂಚನಗಂಗಾ ಶಿಖರದ ಚಿತ್ರವೆಂಬುದು ಬಹುಕಾಲದ ಮೇಲೆ ತಿಳಿದುಬಂದಿತೆಂದು ಮುಂದೆ ಅವರೇ ಬರೆದಿರುವರು. ಮಗನು ನ್ಯಾಯವಾದಿಯಾಗಲೆಂಬುದು ತಂದೆಯ ಆಸೆ. ಮಗನ ಮನಸ್ಸೆಲ್ಲ ಚಿತ್ರಕಲೆಯಲ್ಲಿ. 1893ರಲ್ಲಿ ಅವರು ವಿಶ್ವವಿದ್ಯಾಲಯದ ನ್ಯಾಯಶಾಸ್ತ್ರ ವಿಭಾಗವನ್ನೂ ಕಲಾಶಾಲೆಯನ್ನೂ ಒಟ್ಟಿಗೆ ಸೇರಿ, ಎರಡು ವ್ಯಾಸಂಗಗಳನ್ನೂ ಪೂರೈಸಿದರು. ತಂದೆಯ ಮಾತನ್ನು ಮೀರಲಿಲ್ಲ. ತಮ್ಮ ಹಂಬಲವನ್ನೂ ಬಿಡಲಿಲ್ಲ. ಬೆಳದಿಂಗಳ ಚಿತ್ರಣಕ್ಕೆ ಹೆಸರಾದ ಕುಯಿಂಜಿಯವರು ಅವರಿಗೆ ಗುರುವಾಗಿ ದೊರೆತರು.

1901ರಲ್ಲಿ ಹೆಲೆನಾ ಎಂಬ ವಿದುಷಿಯೊಡನೆ ವಿವಾಹವಾಯಿತು. ಶ್ರೀರಾಮಕೃಷ್ಣ ಪರಮಹಂಸರ, ವಿವೇಕಾನಂದರ ಗ್ರಂಥಗಳು ದಂಪತಿಗಳ ಮನಸ್ಸನ್ನು ಭಾರತದ ಕಡೆಗೆ ತಿರುಗಿಸಿದುವು. 1912ರಲ್ಲಿ ರಚಿತವಾದ ‘ಆಕಾಶಯುದ್ಧ’ವೆಂಬ ಚಿತ್ರದಲ್ಲಿ ಪಟದ ಬಹುಭಾಗವನ್ನು ಮೇಘಗಳೇ ಆಕ್ರಮಿಸಿವೆ, ಕೆಳಗೆ ನೀರಿನ ಬದಿಯಲ್ಲಿ ಮನುಷ್ಯರ ಗುಡಿಸಲುಗಳು ಪುಟ್ಟದಾಗಿ ಕಾಣುವುವು. ವಿಶ್ವದ ವೈಶಾಲ್ಯದೆದುರು ಮಾನವನ ಅಳತೆಯೆಷ್ಟೆಂಬುದನ್ನು ಅವರ ಕುಂಚವು ಆಗಲೇ ಅರಿತಿದ್ದಿತು.

ಶ್ವಾಸಕೋಶದ ಬೇನೆಯಿಂದ ಅವರು ಫಿನ್‌ಲೆಂಡಿನ ಸೀಮೆಯಲ್ಲಿ ನೆಲಸಿದ್ದಾಗಲೇ 1917ರ ಕ್ರಾಂತಿಯು ಸಂಭವಿಸಿ, ತಾಯ್ನಾಡಿನ ನೆಲೆಯು ತಪ್ಪಿತು. ಲಂಡನ್, ಅಮೆರಿಕಗಳಲ್ಲಿ ಕೀರ್ತಿ ಲಭಿಸಿದರೂ ಮನಸ್ಸು ಹಿಮಾಲಯವನ್ನೇ ಹಾರೈಸುತ್ತಿದ್ದಿತು. 1923ರ ಡಿಸೆಂಬರಿನಲ್ಲಿ ಕುಟುಂಬದೊಡನೆ ಭಾರತಕ್ಕೆ ಬಂದು ಡಾರ್ಜಿಲಿಂಗಿನಲ್ಲಿ ತಂಗಿದರು. ಬಾಲ್ಯದ ಪಟದಲ್ಲಿದ್ದ ಶಿಖರವು ಈಗ ಕಣ್ಣೆದುರಿಗೆ ನಿಂತಿತು. 1924ರ ‘ಅನ್ವೇಷಣೆಯ ಮುತ್ತು’ ಎಂಬ ಚಿತ್ರದಲ್ಲಿ ಅಪಾರವಾದ ಗಿರಿಶ್ರೇಣಿಯ ಮುಂದೆ ಗುರುಶಿಷ್ಯರಿಬ್ಬರು ಒಂದು ಸರವನ್ನು ಕೈಯಲ್ಲಿ ಹಿಡಿದು ಅದರಲ್ಲಿನ ಮುತ್ತನ್ನು ಅರಸುತ್ತಿರುವರು. ಆಕೃತಿಗಳು ಕಿರಿದು, ಅರಸುವಿಕೆ ಹಿರಿದು.

ಆದರೆ ಗಿರಿಯನ್ನು ದೂರದಿಂದ ಪೂಜಿಸುವುದು ಸುಲಭ. ಆ ಭಕ್ತಿಗೆ ಪರೀಕ್ಷೆಯು ಕಾದಿದ್ದಿತು. 1925ರಿಂದ ಅವರು ಕಾಶ್ಮೀರ, ಲಡಾಖ್, ಖೋತಾನ್, ಆಲ್ಟಾಯ್, ಮಂಗೋಲಿಯಗಳನ್ನು ಸುತ್ತಿದರು. 1927ರ ಶರತ್ಕಾಲದಲ್ಲಿ ಟಿಬೆಟ್ಟಿನ ಅಧಿಕಾರಿಗಳು ಚಾಂಗ್‌ತಾಂಗ್ ಪ್ರಸ್ಥಭೂಮಿಯಲ್ಲಿ ಅವರ ತಂಡವನ್ನು ತಡೆದರು. ಮುಂದೆ ಹೋಗುವಂತಿಲ್ಲ, ಹಿಂದಿರುಗುವಂತಿಲ್ಲ. ಬೇಸಗೆಯ ಡೇರೆಗಳಲ್ಲಿ ಸುಮಾರು ಐದು ತಿಂಗಳ ಘೋರವಾದ ಚಳಿಗಾಲವನ್ನು ಕಳೆಯಬೇಕಾಯಿತು. ತಂಡದ ಐವರು ಮಡಿದರು. ಹೇರೆತ್ತು, ಕುದುರೆ, ಒಂಟೆಗಳು ಸುಮಾರು ತೊಂಬತ್ತು ಸತ್ತುವು. ಆರಾಧಿಸಿದ ಹಿಮವೇ ಮೃತ್ಯುವಾಗಿ ನಿಂತಿದ್ದಿತು. ಇಷ್ಟಾದರೂ 1928ರಲ್ಲಿ ಹಿಂದಿರುಗಿದ ರೋರಿಕರ ಪಟಗಳಲ್ಲಿ ಪರ್ವತದ ಮೇಲೆ ಮುನಿಸಿನ ಛಾಯೆಯಿಲ್ಲ. ನೀಲ, ನೇರಳೆ, ಶ್ವೇತವರ್ಣಗಳಲ್ಲಿ ಅದೇ ಪ್ರಶಾಂತಿಯು ಬೆಳಗಿತು. ಪ್ರಕೃತಿಯು ಸುಖವನ್ನು ಕೊಡುವುದೆಂದು ಅವರು ಅದನ್ನು ಪ್ರೀತಿಸಿದವರಲ್ಲ.

ಅದೇ ವರ್ಷದ ಕೊನೆಗೆ ಕುಲು ಕಣಿವೆಯ ನಗ್ಗರದಲ್ಲಿ ನೆಲಸಿ, ಹಿಮಾಲಯದ ಸಸ್ಯ, ಔಷಧಿ, ಭಾಷೆಗಳ ಸಂಶೋಧನೆಗಾಗಿ ‘ಉರುಸ್ವತಿ’ ಸಂಸ್ಥೆಯನ್ನು ನಡೆಯಿಸಿದರು. ಎರಡನೆಯ ಪರೀಕ್ಷೆಯು ಮನುಷ್ಯರಿಂದ ಬಂದಿತು. ನ್ಯೂಯಾರ್ಕಿನಲ್ಲಿ ಅವರ ಹೆಸರಿನಲ್ಲಿದ್ದ ಸಂಗ್ರಹಾಲಯದ ಧನಿಕ ಪೋಷಕನು 1935ರಲ್ಲಿ ವಿಮುಖನಾದನು. ವ್ಯಾಜ್ಯಗಳಾಗಿ, ಅಲ್ಲಿದ್ದ ನೂರಾರು ಚಿತ್ರಗಳು ಕೈತಪ್ಪಿದುವು. ದಂಪತಿಗಳು ಬೋಧಿಸಿದ ‘ಅಗ್ನಿಯೋಗ’ವನ್ನೂ ಎಲ್ಲರೂ ಒಪ್ಪಲಿಲ್ಲ, ಸಂದೇಹಿಸಿದವರು, ನಿಂದಿಸಿದವರು ಹಲವರು. ರೋರಿಕರು ಮರುದಿನದ ಪಟವನ್ನು ಸಿದ್ಧಪಡಿಸಿಕೊಂಡರು. ಅವರ ಒಟ್ಟು ಕೃತಿಗಳು ಸುಮಾರು 7000 ಎಂದು ಎಣಿಕೆ.

ಸೌಂದರ್ಯವನ್ನು ಕಂಡವನಿಗೆ ಅದನ್ನು ಕಾಯುವ ಹೊಣೆಯೂ ಉಂಟೆಂದು ಅವರು ನಂಬಿದ್ದರು. ಯುದ್ಧಕಾಲದಲ್ಲಿ ದೇವಾಲಯ, ಗ್ರಂಥಾಲಯ, ವಿದ್ಯಾಶಾಲೆಗಳನ್ನು ಯಾರೂ ನಾಶಮಾಡಬಾರದೆಂಬ ಅವರ ಒಡಂಬಡಿಕೆಗೆ 1935ನೆಯ ಏಪ್ರಿಲ್ 15ರಂದು ವಾಷಿಂಗ್ಟನ್ನಿನಲ್ಲಿ ಅಮೆರಿಕ ಖಂಡಗಳ 21 ರಾಷ್ಟ್ರಗಳು ಸಹಿಮಾಡಿದುವು. ಬಿಳಿಯ ಬಟ್ಟೆಯ ಮೇಲೆ ಕೆಂಪು ವೃತ್ತ, ಅದರೊಳಗೆ ಮೂರು ಕೆಂಪು ಬಿಂಬಗಳು: ಇದು ಅದರ ಧ್ವಜ.

1947ನೆಯ ಡಿಸೆಂಬರ್ 13ರಂದು ರೋರಿಕರು ನಗ್ಗರದಲ್ಲಿ ದೇಹವಿಟ್ಟರು. ತಾಯ್ನಾಡಿಗೆ ಮರಳಬೇಕೆಂಬ ಕೊನೆಯ ಆಸೆಯು ಕೈಗೂಡಲಿಲ್ಲ. ಹಿಮಶಿಖರಗಳಿಗೆ ಎದುರಾದ ಇಳಿಜಾರಿನಲ್ಲಿ ದಹನವು ನಡೆದು, ಅಲ್ಲಿ ಒಂದು ಶಿಲೆಯನ್ನು ನಿಲ್ಲಿಸಲಾಯಿತು. ಕಿರಿಯ ಮಗ ಸ್ವೆತೊಸ್ಲಾವರೂ ಚಿತ್ರಕಾರರೇ. ಅವರು ಪತ್ನಿ ದೇವಿಕಾರಾಣಿಯವರೊಡನೆ ಬೆಂಗಳೂರಿನ ಬಳಿಯ ತಾತಗುಣಿಯಲ್ಲಿ ಬಾಳಿ 1993ರಲ್ಲಿ ತೀರಿಕೊಂಡರು. ತಂದೆಮಕ್ಕಳ ಚಿತ್ರಗಳು ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನ ಸಂಗ್ರಹದಲ್ಲಿವೆ.

ಆ ಗಿರಿಚಿತ್ರಗಳ ಮುಂದೆ ನಿಲ್ಲುವವನು ಮೊದಲು ತಾನೆಷ್ಟು ಕಿರಿಯವನೆಂದು ಅರಿಯುವನು. ಬಳಿಕ ಬೆಟ್ಟದ ಬುಡದಲ್ಲಿ ಕುಳಿತ ಪುಟ್ಟ ಸಾಧಕನೊಬ್ಬನು ಕಣ್ಣಿಗೆ ಬೀಳುವನು. ಅಷ್ಟು ದೊಡ್ಡ ಆಕಾಶವನ್ನು ನೋಡಬಲ್ಲ ಕಣ್ಣು ಆ ಕಿರಿಯವನಲ್ಲಿಯೇ ಇದೆ. ಇದನ್ನು ಕಾಣಿಸುವುದಕ್ಕೆಂದೇ ರೋರಿಕರ ಬಾಳೆಲ್ಲವೂ ಸವೆಯಿತು.