ಜಾನ್ ಸಿ. ಗ್ಯಾರಂಡ್

ಜಾನ್ ಕ್ಯಾನ್ಷಿಯಸ್ ಗ್ಯಾರಂಡ್ (ಜನವರಿ 1, 1888 – ಫೆಬ್ರವರಿ 16, 1974) ಕೆನಡಾದಲ್ಲಿ ಜನಿಸಿದ ಅಮೆರಿಕನ್ ಬಂದೂಕು ವಿನ್ಯಾಸಕರು. ಎರಡನೆಯ ಮಹಾಯುದ್ಧದಲ್ಲಿ ಅಮೆರಿಕದ ಪದಾತಿಪಡೆ ಬಳಸಿದ ಎಂ1 ಅರೆ-ಸ್ವಯಂಚಾಲಿತ ರೈಫಲ್ ಇವರ ಸೃಷ್ಟಿ.

ಬಾಲ್ಯ ಮತ್ತು ವೃತ್ತಿ

ಗ್ಯಾರಂಡ್ ಅವರು ಕ್ವಿಬೆಕ್ ಪ್ರಾಂತ್ಯದ ಸೇಂಟ್ ರೆಮಿ ಸಮೀಪದ ಕೃಷಿಕ ಕುಟುಂಬದಲ್ಲಿ ಜನಿಸಿದರು. ತಾಯಿಯ ನಿಧನಾನಂತರ ಕುಟುಂಬವು ಅಮೆರಿಕದ ಕನೆಕ್ಟಿಕಟ್ ರಾಜ್ಯಕ್ಕೆ ವಲಸೆ ಹೋಯಿತು. ಬಾಲಕ ಗ್ಯಾರಂಡ್ ಜವಳಿ ಗಿರಣಿಯಲ್ಲಿ ನೆಲ ಗುಡಿಸುತ್ತಲೇ ಯಂತ್ರಗಳ ಕೆಲಸವನ್ನು ಕಲಿತರು. 1919ರಲ್ಲಿ ಮ್ಯಾಸಚೂಸೆಟ್ಸ್‌ನ ಸ್ಪ್ರಿಂಗ್‌ಫೀಲ್ಡ್ ಸರ್ಕಾರಿ ಶಸ್ತ್ರಾಗಾರವನ್ನು ಸೇರಿ, ನಿವೃತ್ತಿಯವರೆಗೂ ಅಲ್ಲಿಯೇ ಸೇವೆ ಸಲ್ಲಿಸಿದರು.

ಎಂ1 ರೈಫಲ್

ದೀರ್ಘಕಾಲದ ಪ್ರಯೋಗಗಳ ನಂತರ 1936ರಲ್ಲಿ ಸೇನೆಯು ಅವರ ರೈಫಲನ್ನು ಅಂಗೀಕರಿಸಿತು. ಗುಂಡು ಹಾರಿದಾಗ ಉಂಟಾಗುವ ಅನಿಲದ ಒಂದಂಶವು ಪಿಸ್ಟನ್ನನ್ನು ಹಿಂದಕ್ಕೆ ತಳ್ಳುತ್ತದೆ. ಅದರಿಂದ ಬೋಲ್ಟ್ ತೆರೆದುಕೊಂಡು ಖಾಲಿ ತೋಟಾ ಹೊರಬೀಳುತ್ತದೆ. ಸ್ಪ್ರಿಂಗ್‌ನ ಬಲದಿಂದ ಬೋಲ್ಟ್ ಮುಂದಕ್ಕೆ ಮರಳುವಾಗ ಹೊಸ ತೋಟಾ ಕೋಣೆಯನ್ನು ಸೇರುತ್ತದೆ. ಎಂಟು ತೋಟಾಗಳ ಕ್ಲಿಪ್ ಮುಗಿಯುವವರೆಗೂ ಸೈನಿಕನು ಬೋಲ್ಟನ್ನು ಕೈಯಿಂದ ಎಳೆಯಬೇಕಾಗಿರಲಿಲ್ಲ.

ದೋಷಗಳು ಮತ್ತು ಪರಿಹಾರ

ಈ ಚಕ್ರವು ಎಲ್ಲಿ ಮುರಿದರೂ ಯುದ್ಧಭೂಮಿಯಲ್ಲಿ ಸೈನಿಕನ ಪ್ರಾಣಕ್ಕೇ ಅಪಾಯವಿತ್ತು. ಆರಂಭಿಕ ಮಾದರಿಯಲ್ಲಿ ಅನಿಲವನ್ನು ನಳಿಕೆಯ ಬಾಯಿಗೆ ಅಳವಡಿಸಿದ ಭಾಗದಲ್ಲಿ ಹಿಡಿಯಲಾಗುತ್ತಿತ್ತು. ಅಲ್ಲಿ ಮಸಿ ಕಟ್ಟುವುದು ಮತ್ತು ಭಾಗಗಳು ಸಡಿಲಗೊಳ್ಳುವುದು ತೊಡಕಾಯಿತು. ಆದುದರಿಂದ ನಳಿಕೆಯ ತುದಿಯ ಬಳಿ ಸಣ್ಣ ರಂಧ್ರವನ್ನು ಕೊರೆದು, ಅದರ ಮೂಲಕ ಅನಿಲ ಪಡೆಯುವ ಕ್ರಮವನ್ನು ರೂಪಿಸಲಾಯಿತು. 1940ರಿಂದ ತಯಾರಾದ ರೈಫಲುಗಳಲ್ಲಿ ಈ ಸುಧಾರಣೆ ಜಾರಿಗೆ ಬಂದಿತು.

ಏಳನೆಯ ತೋಟಾ ಸಿಕ್ಕಿಕೊಳ್ಳುವ ಇನ್ನೊಂದು ದೋಷವೂ ಆ ದಿನಗಳಲ್ಲಿ ಕಾಣಿಸಿಕೊಂಡಿತು. ಇದರ ಮೂಲವು ವಿನ್ಯಾಸದಲ್ಲಿರಲಿಲ್ಲ. ಸಾಮೂಹಿಕ ಉತ್ಪಾದನೆಗಾಗಿ ಉಪಕರಣಗಳನ್ನು ಬದಲಿಸಿದಾಗ, ತೋಟಾಗಳಿಗೆ ದಾರಿ ತೋರುವ ಅಂಚಿನ ಸ್ವಲ್ಪ ಲೋಹವು ಕತ್ತರಿಸಿ ಹೋಗಿತ್ತು. ಕಾರಣವನ್ನು ಗುರುತಿಸಿ ಅಂಚನ್ನು ಸರಿಪಡಿಸಿದ ಮೇಲೆ ದೋಷವು ನಿವಾರಣೆಯಾಯಿತು.

ಗೌರವ ಮತ್ತು ಕೊನೆಯ ವರ್ಷಗಳು

ಒಟ್ಟು 50 ಲಕ್ಷಕ್ಕೂ ಹೆಚ್ಚು ಎಂ1 ರೈಫಲುಗಳು ತಯಾರಾದವು. ಗ್ಯಾರಂಡ್ ಅವರು ತಮ್ಮ ಪೇಟೆಂಟ್ ಹಕ್ಕುಗಳನ್ನು ಸರ್ಕಾರಕ್ಕೆ ಒಪ್ಪಿಸಿದ್ದರಿಂದ ಅವುಗಳಿಂದ ಯಾವುದೇ ರಾಜಧನ ಪಡೆಯಲಿಲ್ಲ. ಅವರಿಗೆ 1 ಲಕ್ಷ ಡಾಲರ್ ನೀಡುವ ಮಸೂದೆಯೊಂದು ಅಮೆರಿಕದ ಸಂಸತ್ತಿನಲ್ಲಿ ಮಂಡನೆಯಾದರೂ ಅಂಗೀಕಾರ ಪಡೆಯಲಿಲ್ಲ. 1944ರಲ್ಲಿ ಅವರಿಗೆ ಮೆಡಲ್ ಫಾರ್ ಮೆರಿಟ್ ಪದಕ ದೊರೆಯಿತು. 1953ರಲ್ಲಿ ನಿವೃತ್ತರಾದ ಅವರು, ತಮ್ಮ 86ನೆಯ ವಯಸ್ಸಿನಲ್ಲಿ ಸ್ಪ್ರಿಂಗ್‌ಫೀಲ್ಡ್‌ನಲ್ಲಿಯೇ ನಿಧನರಾದರು. ಮುಂದೆ ಬಂದ ಎಂ14 ರೈಫಲ್ ಅವರ ವಿನ್ಯಾಸದಿಂದಲೇ ಬೆಳೆದದ್ದು.