ಕೆಲವೇ ಗೆರೆಗಳ ದಿನಚರಿ: ಕೆ.ಕೆ. ಹೆಬ್ಬಾರ್

ಫಸ್ಟ್ ಇಯರ್‌ನಲ್ಲಿ ಎಂಜಿನಿಯರಿಂಗ್ ಡ್ರಾಯಿಂಗ್ ಮಾಡಿದ ಎಲ್ಲರಿಗೂ ಗೊತ್ತಿರೋ ವಿಷಯ, ಒಂದೊಂದು ಗೆರೆಗೂ ಒಂದೊಂದು ಕೆಲಸ. ಕಣ್ಣಿಗೆ ಕಾಣೋ ಅಂಚಿಗೆ ದಪ್ಪ ಗೆರೆ, ಹಿಂದೆ ಅಡಗಿರೋ ಅಂಚಿಗೆ ತುಂಡು ತುಂಡು ಗೆರೆ, ಅಳತೆ ಹಾಕೋಕೆ ತೆಳು ಗೆರೆ. ತಪ್ಪಾದ್ರೆ ಮಾರ್ಕ್ಸ್ ಹೋಯ್ತು. ಗೆರೆ ಅಂದ್ರೆ ನಮಗೆ ಇಷ್ಟೇ. ಆದ್ರೆ ನಮ್ಮ ರಾಜ್ಯದಲ್ಲೇ ಹುಟ್ಟಿದ ಒಬ್ಬರು ಜೀವನಪೂರ್ತಿ ಗೆರೆಯಿಂದ ಬೇರೆಯೇ ಕೆಲಸ ಮಾಡಿಸಿದ್ರು. ಹೊಲ ಉಳೋ ರೈತ, ಮೀನುಗಾರ, ಕುಣಿಯೋ ವೇಷಧಾರಿ, ವಾದ್ಯ ನುಡಿಸೋನು, ಭಿಕ್ಷುಕ, ಇವರನ್ನೆಲ್ಲ ಕೆಲವೇ ಗೆರೆಗಳಲ್ಲಿ ಹಿಡಿದಿಟ್ರು. ಶೇಡಿಂಗ್ ಇಲ್ಲ, ಬಣ್ಣ ಇಲ್ಲ, ಸ್ಕೇಲಂತೂ ಇಲ್ವೇ ಇಲ್ಲ.

ಅವರೇ ಕಟ್ಟಿಂಗೇರಿ ಕೃಷ್ಣ ಹೆಬ್ಬಾರ್. ಅವರ ದೊಡ್ಡ ದೊಡ್ಡ ವರ್ಣಚಿತ್ರಗಳೂ ಪ್ರಸಿದ್ಧ, ಕಲಾವಿಮರ್ಶಕರು ಹೆಚ್ಚು ಬರೆದಿರೋದು ಬಹುಶಃ ಅವುಗಳ ಬಗ್ಗೆನೇ. ನಮ್ಮನ್ನ ಹಿಡಿದು ನಿಲ್ಲಿಸಿದ್ದು ಮಾತ್ರ ಅವರ ರೇಖಾಚಿತ್ರಗಳು. ಅವನ್ನ ಒಟ್ಟಿಗೆ ನೋಡ್ತಾ ಹೋದ್ರೆ ಒಬ್ಬ ಮನುಷ್ಯ ತಾನು ಕಂಡ ದಿನನಿತ್ಯದ ಬದುಕನ್ನ ಬರೆದಿಟ್ಟ ಡೈರಿ ಥರ ಕಾಣುತ್ತೆ. ಅಕ್ಷರ ಇಲ್ಲದ ಡೈರಿ.

ಹೆಬ್ಬಾರರು ಹುಟ್ಟಿದ್ದು 1911ರಲ್ಲಿ, ಉಡುಪಿ ಹತ್ತಿರದ ಕಟ್ಟಿಂಗೇರಿಯಲ್ಲಿ. ಆಗ ಅದು ಮದ್ರಾಸ್ ಪ್ರಾಂತ್ಯಕ್ಕೆ ಸೇರಿದ ಜಾಗ. ಮನೆಮಾತು ತುಳು. ತಂದೆ ಗಣೇಶನ ಮೂರ್ತಿಗಳನ್ನ ಮಾಡ್ತಿದ್ರು. ಈ ಒಂದು ವಿವರ ನಮಗೆ ಬಹಳ ಹಿಡಿಸಿತು. ಮಣ್ಣಿನ ಗಣಪ ಎಷ್ಟೇ ಚೆನ್ನಾಗಿ ಬಂದ್ರೂ ಕೆಲವು ದಿನ ಕೂತು ನೀರಿಗೆ ಹೋಗ್ತಾನೆ, ಮುಂದಿನ ವರ್ಷ ಕೈ ಮತ್ತೆ ಮೊದಲಿಂದ ಶುರು ಮಾಡಬೇಕು. ಹಾಗೆ ಮಾಡಿ ಮಾಡಿ ಕೈಗೆ ಬರೋ ಪಳಗಿಕೆಯನ್ನ ಆ ಹುಡುಗ ಮನೆಯಲ್ಲೇ ನೋಡಿಕೊಂಡು ಬೆಳೆದ. ಮನೆ ಹೊರಗೆ ಮಳೆ, ಗದ್ದೆ, ರಾತ್ರಿಯಿಡೀ ನಡೆಯೋ ಯಕ್ಷಗಾನ, ಭೂತಕೋಲ, ನಾಗಮಂಡಲ. ಇದ್ಯಾವುದೂ ಆಗ ಕಲೆಯ ವಿಷಯ ಅಂತ ಸ್ಕೂಲ್ ಪುಸ್ತಕದಲ್ಲಿ ಬರ್ತಿರಲಿಲ್ಲ. ಅದು ಬರೀ ಊರು.

ಮೈಸೂರಿನ ಚಾಮರಾಜೇಂದ್ರ ಟೆಕ್ನಿಕಲ್ ಇನ್‌ಸ್ಟಿಟ್ಯೂಟಿನಲ್ಲಿ ಸ್ವಲ್ಪ ಕಾಲ ಇದ್ದು, ಆಮೇಲೆ ಬೊಂಬಾಯಿಯ ಜೆ.ಜೆ. ಸ್ಕೂಲ್ ಆಫ್ ಆರ್ಟ್ ಸೇರಿದ್ರು. ಕಲಿತ ಮೇಲೆ ಅಲ್ಲೇ ಮೇಷ್ಟ್ರೂ ಆದ್ರು. ಕೆಲಸ, ಸಂಬಳ, ಹೆಸರು ಎಲ್ಲಾ ಬಂತು. ಇಲ್ಲಿಗೆ ಕತೆ ಮುಗೀಬಹುದಿತ್ತು. ಆದ್ರೆ ಆ ಕಾಲದ ಕಲಾಶಾಲೆಗಳಲ್ಲಿ ಕಲಿಸ್ತಿದ್ದದ್ದು ಮುಖ್ಯವಾಗಿ ಯುರೋಪಿನ ರೀತಿ. ಬೆಳಕು ಒಂದು ಕಡೆಯಿಂದ ಬೀಳಬೇಕು, ನೆರಳು ಇನ್ನೊಂದು ಕಡೆ, ದೂರದ್ದು ಚಿಕ್ಕದು, ಹತ್ತಿರದ್ದು ದೊಡ್ಡದು. ಇದರಲ್ಲಿ ತಪ್ಪೇನೂ ಇಲ್ಲ, ಪರ್ಸ್ಪೆಕ್ಟಿವ್ ಪ್ರೊಜೆಕ್ಷನ್ ನಾವೂ ಕಲಿತಿದ್ದೀವಿ. ಆದ್ರೆ ದೀವಟಿಗೆ ಬೆಳಕಲ್ಲಿ ಗಿರಗಿರ ತಿರುಗೋ ಯಕ್ಷಗಾನದ ವೇಷವನ್ನ ಈ ಲೆಕ್ಕದಲ್ಲಿ ಕೂರಿಸೋಕೆ ಹೋದ್ರೆ ಅದು ಕುಣಿಯೋದನ್ನೇ ನಿಲ್ಲಿಸಿಬಿಡುತ್ತೆ. ಇಂಗ್ಲಿಷ್ ಮೀಡಿಯಂನಲ್ಲಿ ಓದಿ, ಕನ್ನಡದಲ್ಲಿ ಒಂದು ಪ್ಯಾರಾ ಬರೆಯೋಕೆ ಕೂತ್ರೆ ವಾಕ್ಯ ಗಟ್ಟಿಯಾಗಿಬಿಡೋ ನಮ್ಮಂಥೋರಿಗೆ ಈ ಕಷ್ಟ ಚೆನ್ನಾಗೇ ಗೊತ್ತು.

ಹೆಬ್ಬಾರರು ಮೊದಲು ಹಿಂದಕ್ಕೆ ನೋಡಿದ್ರು. ಹಳೆಯ ಜೈನ ಹಸ್ತಪ್ರತಿಗಳ ಚಿತ್ರಗಳು, ರಾಜಸ್ಥಾನಿ ಮತ್ತು ಮೊಘಲ್ ಚಿಕಣಿ ಚಿತ್ರಗಳು. ಅಲ್ಲೆಲ್ಲ ನೆರಳಿನ ಹಂಗಿಲ್ಲ, ಗೆರೆಯೇ ಯಜಮಾನ. ಅಮೃತಾ ಶೇರ್ಗಿಲ್ ಅವರ ಚಿತ್ರಗಳ ಪ್ರಭಾವವೂ ಆಯ್ತು. ಕೇರಳದ ಕಡೆ ಓಡಾಡಿ ಅಲ್ಲಿನ ಜನರನ್ನ, ಹಸಿರನ್ನ ಬಿಡಿಸಿದ್ರು. 1940ರ ದಶಕದ ಮಧ್ಯದಲ್ಲಿ ಜೆ.ಜೆ.ಯ ಕೆಲಸ ಬಿಟ್ಟರು. 1949ರಲ್ಲಿ ಪ್ಯಾರಿಸ್‌ಗೆ ಹೋಗಿ ಅಕಾಡೆಮಿ ಜೂಲಿಯನ್ ಅನ್ನೋ ಸಂಸ್ಥೆಯಲ್ಲಿ ಮತ್ತೆ ವಿದ್ಯಾರ್ಥಿಯಾಗಿ ಕೂತ್ರು. ಆಗ ಅವರ ವಯಸ್ಸು 38! ನಾವು ಒಂದು ಬ್ಯಾಕ್‌ಲಾಗ್ ಬಂದ್ರೆ ಜೂನಿಯರ್ಸ್ ಜೊತೆ ಕೂರೋಕೆ ನಾಚಿಕೊಳ್ತೀವಿ.

ಪ್ಯಾರಿಸ್ ಅವರನ್ನ ಪ್ಯಾರಿಸಿನವರನ್ನಾಗಿ ಮಾಡಲಿಲ್ಲ. ವಾಪಸ್ ಬಂದು ಬೊಂಬಾಯಿಯಲ್ಲೇ ನೆಲೆ ನಿಂತ್ರೂ ಕೈಗೆ ಬರ್ತಿದ್ದದ್ದು ಮಾತ್ರ ಹೊಲ, ಕಡಲು, ಜಾತ್ರೆ, ಆಟ.

ಈಗ ಗೆರೆಯ ವಿಷಯಕ್ಕೆ ಬರೋಣ. ಹೆಬ್ಬಾರರು ಕಥಕ್ ನೃತ್ಯ ಕಲಿತಿದ್ರು. ವೇದಿಕೆ ಮೇಲೆ ಕುಣಿಯೋಕಲ್ಲ, ಲಯ ಅಂದ್ರೆ ಏನು ಅಂತ ಮೈಯಿಂದ ತಿಳಿಯೋಕೆ. ನಮಗಂತೂ ಇದು ಪಕ್ಕಾ ಎಂಜಿನಿಯರಿಂಗ್ ಬುದ್ಧಿ ಅನ್ನಿಸ್ತು. ಕುಣಿಯೋನು ಒಂದು ಕಾಲ ಮೇಲೆ ನಿಂತಾಗ ಭಾರ ಎಲ್ಲಿ ಬೀಳುತ್ತೆ, ಬೀಳದ ಹಾಗೆ ಸೊಂಟ ಎತ್ತ ಕಡೆ ವಾಲುತ್ತೆ, ಅದಕ್ಕೆ ಎದುರಾಗಿ ಕೈ ಎಲ್ಲಿಗೆ ಹೋಗುತ್ತೆ. ನಾವು ಮೆಕ್ಯಾನಿಕ್ಸ್ ಕ್ಲಾಸಲ್ಲಿ ಫ್ರೀ ಬಾಡಿ ಡಯಾಗ್ರಾಂ ಬರೆದು ಬಾಣ ಹಾಕಿ ಹೇಳೋದನ್ನ ಅವರ ಗೆರೆ ಬಾಣ ಇಲ್ಲದೆ ಹೇಳುತ್ತೆ. ಕುತ್ತಿಗೆಯಿಂದ ಶುರುವಾಗಿ ಬೆನ್ನಿನ ಮೇಲೆ ಇಳಿದು ಹಿಮ್ಮಡಿಯಲ್ಲಿ ನಿಲ್ಲೋ ಒಂದು ಬಾಗು, ಅಷ್ಟರಲ್ಲೇ ಆ ದೇಹ ಎಷ್ಟು ದಣಿದಿದೆ, ಎಷ್ಟು ಹುರುಪಲ್ಲಿದೆ ಅಂತ ಗೊತ್ತಾಗುತ್ತೆ. ಬೆರಳಿಗೆ ಉಗುರು, ಶರಟಿಗೆ ಗುಂಡಿ ಇವೆಲ್ಲ ಅವರಿಗೆ ಬೇಕಿರಲಿಲ್ಲ.

ಏನು ಬಿಡಬೇಕು ಅನ್ನೋದೇ ಇಲ್ಲಿ ದೊಡ್ಡ ತಲೆನೋವು. ಒಂದು ಉದಾಹರಣೆ ತಗೊಳ್ಳಿ. ಅಮಾವಾಸ್ಯೆ ದಿನ ಹರಿಹರದಿಂದ ನಂದಿಗುಡಿ ಕಡೆ ಹೋಗೋ ಬಸ್ ಹತ್ತಿದ್ರೆ ನಿಲ್ಲೋಕೂ ಜಾಗ ಇರಲ್ಲ, ಎಲ್ಲಾ ಉಕ್ಕಡಗಾತ್ರಿ ಅಜ್ಜಯ್ಯನ ದರ್ಶನಕ್ಕೆ ಹೊರಟ ಜನ. ಕಂಬಿ ಹಿಡಿದು ನಿದ್ದೆ ಮಾಡೋ ಅಜ್ಜ, ಕೂಸನ್ನ ಸೊಂಟದ ಮೇಲೆ ಏರಿಸಿಕೊಂಡು ಬ್ಯಾಗನ್ನ ಹಲ್ಲಲ್ಲಿ ಕಚ್ಚಿಕೊಂಡು ಟಿಕೆಟ್ ದುಡ್ಡು ಹುಡುಕೋ ಅಕ್ಕ, ಕಿಟಕಿ ಹೊರಗೆ ಭದ್ರಾ ನೀರು ನಿಂತ ಭತ್ತದ ಗದ್ದೆ. ನಾವಾದ್ರೆ ಒಂದು ಫೋಟೋ ಹೊಡೀತೀವಿ. ಫೋಟೋದಲ್ಲಿ ಎಲ್ಲಾ ಬರುತ್ತೆ, ಸೀಟಿನ ಹರಿದ ರೆಕ್ಸಿನ್, ಕರ್ಚೀಫು, ಜಾಹೀರಾತು ಎಲ್ಲಾ. ಅದನ್ನೇ ಹತ್ತು ಗೆರೆಯಲ್ಲಿ ಬಿಡಿಸು ಅಂದ್ರೆ? ಆ ಅಕ್ಕನ ಸೊಂಟ ಕೂಸಿನ ಭಾರಕ್ಕೆ ಒಂದು ಕಡೆ ಎದ್ದು ನಿಂತಿರೋದು ಮೊದಲು ಕಣ್ಣಿಗೆ ಬೀಳಬೇಕು, ಅದು ಬಿದ್ದ ಮೇಲೆ ಉಳಿದದ್ದನ್ನ ಬಿಡೋ ಧೈರ್ಯ ಬರಬೇಕು. ನಮ್ಮಲ್ಲಿ ನಾಲ್ಕು ಜನ ಲ್ಯಾಬ್ ರೆಕಾರ್ಡಿನ ಖಾಲಿ ಹಾಳೆಯಲ್ಲಿ ಪ್ರಯತ್ನ ಮಾಡಿದ್ವಿ. ಬಂದ ಫಲಿತಾಂಶವನ್ನ ಇಲ್ಲಿ ಪ್ರಕಟಿಸ್ತಿಲ್ಲ, ಓದುಗರ ಮೇಲಿನ ಕರುಣೆಯಿಂದ.

ಈ ಚಿತ್ರಗಳಲ್ಲಿರೋರು ದೊಡ್ಡ ಮನುಷ್ಯರಲ್ಲ, ಅವರ ಹೆಸರೂ ನಮಗೆ ಗೊತ್ತಾಗಲ್ಲ. ಇದರ ಬಗ್ಗೆ ನಮ್ಮೊಳಗೇ ಒಂದು ಜಗಳ ಆಯ್ತು. ಹೆಸರಿಲ್ಲದೆ, ಊರಿಲ್ಲದೆ ಬರೀ ಒಬ್ಬ ರೈತ, ಒಬ್ಬ ಭಿಕ್ಷುಕ ಅಂತ ಬಿಡಿಸಿದ್ರೆ ಅದು ಹೇಗೆ ದಿನಚರಿ ಆಗುತ್ತೆ? ಹಸಿದವನ ಚಿತ್ರ ಬಿಡಿಸಿ ಗ್ಯಾಲರಿಯಲ್ಲಿ ನೇತು ಹಾಕಿದ್ರೆ ಹಸಿದವನಿಗೇನು ಸಿಕ್ತು? ಪ್ರಶ್ನೆ ಸುಲಭದ್ದಲ್ಲ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಹೆಬ್ಬಾರರ ವರ್ಣಚಿತ್ರಗಳಲ್ಲೂ ಬಡತನ, ಹಸಿವು ಬಂದು ಕೂತವು. ಚಂದದ ಹಳ್ಳಿ, ಚಂದದ ಹಬ್ಬ ಅಂತ ಬಿಡಿಸಿಕೊಂಡು ಆರಾಮಾಗಿರಬಹುದಿತ್ತು, ಕೊಳ್ಳೋರೂ ಹೆಚ್ಚು ಸಿಗ್ತಿದ್ರೇನೋ. ಕಣ್ಣೆದುರಿಗಿದ್ದದ್ದನ್ನ ಬಿಟ್ಟು ಬಿಡಿಸೋಕೆ ಅವರಿಗಾಗಲಿಲ್ಲ ಅಂತ ನಾವು ಅಂದ್ಕೋತೀವಿ. ಜಗಳದಲ್ಲಿ ಎರಡನೇ ಪ್ರಶ್ನೆ ಎತ್ತಿದೋರು ಇನ್ನೂ ಒಪ್ಪಿಲ್ಲ. ಒಪ್ಪಬೇಕು ಅಂತ ನಾವೂ ಒತ್ತಾಯ ಮಾಡಲಿಲ್ಲ.

1964ರಲ್ಲಿ ಅವರ ರೇಖಾಚಿತ್ರಗಳು ಪುಸ್ತಕವಾಗಿ ಬಂದವು, ಹೆಸರು ‘ದಿ ಸಿಂಗಿಂಗ್ ಲೈನ್’. ಹಾಡೋ ಗೆರೆ! ಹೆಸರು ಕೇಳಿದಾಗ ಸ್ವಲ್ಪ ಜಾಸ್ತಿಯಾಯ್ತು ಅನ್ನಿಸಿತ್ತು, ಚಿತ್ರ ನೋಡಿದ ಮೇಲೆ ಸುಮ್ಮನಾದ್ವಿ. ನಮ್ಮ ದಾವಣಗೆರೆಯಲ್ಲಿ ಕಲಾಶಾಲೆ, ಅಂದ್ರೆ ಈಗಿನ ದೃಶ್ಯಕಲಾ ಮಹಾವಿದ್ಯಾಲಯ, ಶುರುವಾದದ್ದೂ ಅದೇ 1964ರಲ್ಲಿ. ಎರಡಕ್ಕೂ ಸಂಬಂಧ ಇಲ್ಲ, ಆದ್ರೂ ಹೇಳಬೇಕು ಅನ್ನಿಸ್ತು.

ಪ್ರಶಸ್ತಿಗಳ ಪಟ್ಟಿ ಉದ್ದ ಇದೆ. 1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಅಂತ ಹೇಳಿ ಮುಂದೆ ಹೋಗ್ತೀವಿ. ಅದಕ್ಕಿಂತ ನಮಗೆ ಮುಖ್ಯ ಅನ್ನಿಸಿದ್ದು ಬೇರೆ. ವಯಸ್ಸಾದ ಹಾಗೆ ಅವರ ವರ್ಣಚಿತ್ರಗಳು ಅಮೂರ್ತದ ಕಡೆ ವಾಲಿದ್ವು, ಆಕಾರಗಳು ಕರಗಿ ಬರೀ ಬೆಳಕು, ಬಣ್ಣ ಆಗ್ತಾ ಹೋದ್ವು. ರೇಖಾಚಿತ್ರಗಳಲ್ಲಿ ಮಾತ್ರ ಮನುಷ್ಯ ಕರಗಲಿಲ್ಲ. ಕ್ಯಾನ್ವಾಸ್ ಮೇಲೆ ಏನೇ ಪ್ರಯೋಗ ನಡೀಲಿ, ಕಾಗದದ ಮೇಲೆ ಅದೇ ರೈತ, ಅದೇ ಕುಣಿಯೋನು. 1991ರಲ್ಲಿ ಬಂದ ಅವರ ಆತ್ಮಕತೆಯ ಹೆಸರು ‘ವಾಯೇಜ್ ಇನ್ ಇಮೇಜಸ್’, ಅಂದ್ರೆ ಚಿತ್ರಗಳ ಮೂಲಕ ಪ್ರಯಾಣ. ಜೀವನದ ಕತೆ ಹೇಳೋವಾಗಲೂ ಚಿತ್ರವನ್ನೇ ಮುಂದೆ ಮಾಡಿದ್ರು.

1996ರ ಮಾರ್ಚ್ 26ರಂದು ಮುಂಬೈಯಲ್ಲಿ ತೀರಿಕೊಂಡ್ರು. ನಾವ್ಯಾರೂ ಆಗ ಹುಟ್ಟಿರಲಿಲ್ಲ.

ಅವರ ಕೆಲಸವನ್ನ ಸ್ಕ್ರೀನ್ ಮೇಲೆ ನೋಡಿದ್ರೆ ಸಾಲದು, ಗೆರೆ ಎಲ್ಲಿ ಒತ್ತಿದೆ, ಎಲ್ಲಿ ಹಗುರಾಗಿದೆ ಅನ್ನೋದು ಅಲ್ಲಿ ತಿಳಿಯಲ್ಲ. ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ವಿಶ್ವೇಶ್ವರಯ್ಯ ಮ್ಯೂಸಿಯಂ ಪಕ್ಕದಲ್ಲೇ ವೆಂಕಟಪ್ಪ ಆರ್ಟ್ ಗ್ಯಾಲರಿ ಇದೆ, ಅಲ್ಲಿ ಹೆಬ್ಬಾರರು ಕೊಟ್ಟ ಚಿತ್ರಗಳಿವೆ. ಇಂಡಸ್ಟ್ರಿಯಲ್ ವಿಸಿಟ್ ಅಂತ ಮ್ಯೂಸಿಯಂಗೆ ಹೋಗಿ ಎಂಜಿನ್ ಮುಂದೆ ಸೆಲ್ಫಿ ತಗೊಂಡು ವಾಪಸ್ ಬರೋರು ಪಕ್ಕದ ಗೇಟನ್ನೂ ಒಮ್ಮೆ ನೋಡಬಹುದು. ಮಣಿಪಾಲದಲ್ಲಿ ಅವರ ಹೆಸರಿನದ್ದೇ ಗ್ಯಾಲರಿ ಇದೆ. ಅಲ್ಲಿಂದ ಕಟ್ಟಿಂಗೇರಿ ದೂರ ಇಲ್ಲ.